ಪದ ಪರಿಚಯ: ಪಿತ್ರಾರ್ಜಿತ



ದೀಪಾವಳಿಗೆ ಊರಿಗೆ ಹೋಗಿ ಬಂದ ನನ್ನ ತಂಗಿಯ ಮಗಳು ಒಂದು ಕಾಗದದ ಜೆರಾಕ್ಸ್ ಪ್ರತಿ ಹಿಡಿದು ನಮ್ಮ ಮನೆಗೆ ಬಂದಳು. “ಮಾವ, ದೊಡ್ಡಪ್ಪ ಇದಕ್ಕೆ ಸಹಿ ಹಾಕು ಅಂದಿದ್ದಾರೆ. ಏನು ಬರೆದಿದೆ, ಸ್ವಲ್ಪ ಓದಿ ಹೇಳಿ” ಎಂದಳು. ಅವಳ ತಂದೆ 2003ರಲ್ಲೇ ತೀರಿಕೊಂಡರು. ಹುಟ್ಟಿ ಬೆಳೆದದ್ದು ಮುಂಬಯಿ. ಮನೆಮಾತು ಕನ್ನಡವಾದರೂ ಅಕ್ಷರಜ್ಞಾನ ಅಷ್ಟಕ್ಕಷ್ಟೆ. ಕಾಗದದ ತಲೆಬರಹ ‘ಹಕ್ಕು ಬಿಡುಗಡೆ ಪತ್ರ’. ಮೊದಲ ಸಾಲಿನಲ್ಲೇ ‘ಪಿತ್ರಾರ್ಜಿತ’ ಎಂಬ ಪದ.

ಈ ಒಂದು ಗುಣವಾಚಕ ತಿಳಿದರೆ ಅರ್ಧ ಪತ್ರ ತಿಳಿದಂತೆ. ಶಾಲೆಯಲ್ಲಿ ಮರಾಠಿ, ಹಿಂದಿ ಓದಿದ ನಿಮಗೆ ‘ವಡಿಲೋಪಾರ್ಜಿತ’, ‘ಪೈತೃಕ’ ಗೊತ್ತಿರಬಹುದು. ಇದೂ ಅದೇ ಬಳಗದ್ದು. ‘ಪಿತೃ’ ಎಂದರೆ ತಂದೆ, ‘ಅರ್ಜಿತ’ ಎಂದರೆ ಗಳಿಸಿದ್ದು. ಹಾಗೆಂದು ಅಪ್ಪ ಗಳಿಸಿದ್ದೆಲ್ಲ ಪಿತ್ರಾರ್ಜಿತವೆಂದುಕೊಂಡರೆ ತಪ್ಪು! ಅಪ್ಪ ತಮ್ಮ ಸಂಬಳದಲ್ಲಿ ಡೊಂಬಿವಲಿಯಲ್ಲಿ ಕೊಂಡ ಫ್ಲ್ಯಾಟು ಕಾನೂನಿನ ಕಣ್ಣಿಗೆ ‘ಸ್ವಯಾರ್ಜಿತ’. ಅದನ್ನು ಅವರು ಉಯಿಲು ಬರೆದು ಯಾರಿಗೆ ಬೇಕಾದರೂ ಕೊಡಬಹುದು. ಅಜ್ಜ, ಮುತ್ತಜ್ಜನ ಕಾಲದಿಂದ ಪಾಲಾಗದೆ ಇಳಿದು ಬಂದ ಊರಿನ ಗದ್ದೆ, ಮನೆ ‘ಪಿತ್ರಾರ್ಜಿತ’. ಅದರಲ್ಲಿನ ಹಕ್ಕು ಯಾರೋ ಕೊಡುವುದಲ್ಲ, ಹುಟ್ಟಿನಿಂದಲೇ ಬರುವುದು.

ಹಿಂದೂ ಕುಟುಂಬಗಳಲ್ಲಿ ಈ ಹುಟ್ಟುಹಕ್ಕು ಬಹುಕಾಲ ಗಂಡುಮಕ್ಕಳಿಗಷ್ಟೇ ಇತ್ತು. ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿ ಹೆಣ್ಣುಮಕ್ಕಳಿಗೂ ಅದನ್ನು ನೀಡಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದವಿಲ್ಲ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆಗಿಹೋದ ಪಾಲನ್ನು ಮಾತ್ರ ಈ ತಿದ್ದುಪಡಿ ಮುಟ್ಟುವುದಿಲ್ಲ. ನಮ್ಮ ಹುಡುಗಿಯ ಮನೆಯಲ್ಲಿ ಇನ್ನೂ ಪಾಲೇ ಆಗಿಲ್ಲ.

ಇಷ್ಟನ್ನೂ ಅವಳಿಗೆ ಬಿಡಿಸಿ ಹೇಳಿದೆ. ಇನ್ನೊಂದನ್ನೂ ಹೇಳಿದೆ: ದೊಡ್ಡಪ್ಪ ಕೆಟ್ಟವರಲ್ಲ. ನಾವೆಲ್ಲ ಊರು ಬಿಟ್ಟು ಬಂದಾಗ ಅಲ್ಲೇ ನಿಂತು, ಆ ಗದ್ದೆಯನ್ನು ಉತ್ತು ಬಿತ್ತು, ಅಜ್ಜಿಯನ್ನು ಕೊನೆಯವರೆಗೂ ನೋಡಿಕೊಂಡವರು ಅವರು. ಹಕ್ಕು ಬಿಡುವುದೂ ಉಳಿಸಿಕೊಳ್ಳುವುದೂ ಅವಳಿಗೆ ಸೇರಿದ್ದು. ಆದರೆ ಏನನ್ನು ಬಿಡುತ್ತಿದ್ದೇನೆ ಎಂದು ತಿಳಿದು ಬಿಡಬೇಕು. ಪ್ರೀತಿಯಿಂದ ಕೊಡುವುದು ಬೇರೆ, ಓದಲು ಬಾರದೆ ಕಳೆದುಕೊಳ್ಳುವುದು ಬೇರೆ.

ಅವಳು ಇನ್ನೂ ಸಹಿ ಹಾಕಿಲ್ಲ. ದೊಡ್ಡಪ್ಪನ ಜೊತೆ ಕುಳಿತು ಮಾತಾಡಲು ಯುಗಾದಿಗೆ ಊರಿಗೆ ಹೊರಟಿದ್ದಾಳೆ. ಅಷ್ಟರೊಳಗೆ ಆ ಪತ್ರವನ್ನು ತಾನೇ ಓದಬೇಕೆಂದು ಭಾನುವಾರ ಭಾನುವಾರ ನಮ್ಮ ಮನೆಗೆ ಬಂದು ಒತ್ತಕ್ಷರ ತಿದ್ದುತ್ತಿದ್ದಾಳೆ.

ನೀವೂ ಈ ಸಲ ರಜೆಗೆ ಊರಿಗೆ ಹೋದಾಗ ಮನೆಯ ಪಹಣಿಯನ್ನು ಕೇಳಿ ತೆಗೆಸಿ, ಅದರಲ್ಲಿ ಯಾರ ಯಾರ ಹೆಸರಿದೆ ಎಂದು ನೀವೇ ಓದಿ ನೋಡಿ. ಓದಲು ತಡವರಿಸಿದರೆ ನಾಚಿಕೆ ಬೇಡ. ಪಕ್ಕದಲ್ಲಿ ಕುಳಿತ ಹಿರಿಯರನ್ನು ಕೇಳಿ. ಓದಲಾಗದ ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ.