ಕಾಲಡಿಯ ಕಲ್ಲು

ಕೊಚ್ಚಿಯಲ್ಲಿ ನೆಲಸಿದ ಕನ್ನಡಿಗರ ಮನೆಗೆ ನೆಂಟರು ಬಂದರೆ ಒಂದು ದಿನ ಕಾಲಡಿಗೆ ಮೀಸಲು. ಶಂಕರರು ಹುಟ್ಟಿದ ಆ ಊರಿನಲ್ಲಿ 1910ರಲ್ಲಿ ಆಚಾರ್ಯರಿಗೂ ಶಾರದೆಗೂ ಗುಡಿಯ ಪ್ರತಿಷ್ಠೆ ಮಾಡಿದವರು ನಮ್ಮ ಶೃಂಗೇರಿಯ ಜಗದ್ಗುರುಗಳಾದ ಶ್ರೀ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿಗಳು. ಕಳೆದ ಡಿಸೆಂಬರಿನಲ್ಲಿ ತಿರುವನಂತಪುರದಿಂದ ಭಾವನವರು ಬಂದಾಗ ನಾವೂ ಮುಂಜಾನೆಯೇ ಹೊರಟು, ಅಂಗಮಾಲಿಯಲ್ಲಿ ರೈಲಿಳಿದು, ಬಸ್ಸು ಹಿಡಿದು ಅಲ್ಲಿಗೆ ಹೋದೆವು.

ದರ್ಶನ ಬೇಗನೆ ಮುಗಿಯಿತು. "ಇಷ್ಟು ದೂರ ಬಂದು ಮಲಯಾಟ್ಟೂರು ಬೆಟ್ಟ ಹತ್ತದೆ ಹೋಗುವುದೇ?" ಎಂದರು ಭಾವ.

ಕಾಲಡಿಯಿಂದ ಪೆರಿಯಾರ್ ಹೊಳೆಯ ಗುಂಟ ಮೇಲಕ್ಕೆ ಹೋದರೆ ಮಲಯಾಟ್ಟೂರು. ಅಲ್ಲಿನ ಕುರಿಶುಮುಡಿ ಸುಮಾರು 600 ಮೀಟರು ಎತ್ತರ. ಸಂತ ತೋಮಸರು ಇಲ್ಲಿ ಪ್ರಾರ್ಥಿಸಿದರೆಂದು ಕ್ರೈಸ್ತರ ನಂಬಿಕೆ. ಈಸ್ಟರಿಗೆ ಮುಂಚಿನ ವ್ರತದ ದಿನಗಳಲ್ಲಿ ಮರದ ಶಿಲುಬೆ ಹೊತ್ತು ಸಹಸ್ರಾರು ಮಂದಿ ಹತ್ತುತ್ತಾರೆ; ಸಂತರನ್ನು 'ಮುತ್ತಪ್ಪ' ಎಂದು ಕರೆಯುತ್ತಾರೆ. ಅಜ್ಜನನ್ನು ಕೂಗುವ ಆ ಮಾತು ನಮ್ಮ ಕಿವಿಗೂ ಪರಕೀಯವಲ್ಲ.

ನಾವು ಹೋದಾಗ ಜನ ವಿರಳ. ದಾರಿಯ ಬಹುಭಾಗ ಒರಟು ಬಂಡೆ, ಅವುಗಳ ನಡುವೆ ಸಡಿಲ ಕಲ್ಲು. ಭಾವನವರು ಎಲ್ಲರಿಗಿಂತ ಮುಂದೆ. ಸುತ್ತುದಾರಿ ಬೇಡವೆಂದು ನೆಟ್ಟಗೆ ಮೇಲೇರಿದರು. ಅವರ ಕೆಳಗೆ ನಾನು, ನನ್ನ ಕೆಳಗೆ ಹತ್ತು ವರ್ಷದ ಮಗಳು. ಇದ್ದಕ್ಕಿದ್ದಂತೆ ಭಾವನವರ ಚಪ್ಪಲಿಯಡಿಯಿಂದ ತೆಂಗಿನಕಾಯಿ ಗಾತ್ರದ ಕಲ್ಲೊಂದು ಕಿತ್ತು ಬಂತು. ನನ್ನ ಪಕ್ಕದಿಂದ ಹಾರಿ, ಮಗುವಿನ ತಲೆಗೆ ಗೇಣು ದೂರದಲ್ಲಿ ಸಾಗಿ, ಮರಕ್ಕೆ ಬಡಿದು ನಿಂತಿತು. ನನಗೆ ಕೂಗಲೂ ಬಾಯಿ ಬರಲಿಲ್ಲ.

ಹಿಂದೆ ಬರಿಗಾಲಿನಲ್ಲಿ ಬರುತ್ತಿದ್ದ ಮಲೆಯಾಳಿ ಮುದುಕಿಯೊಬ್ಬರು ಮಗಳ ತಲೆಯ ಧೂಳು ಕೊಡವಿ, ಭಾವನವರ ಕಡೆ ನೋಡಿ ಹೇಳಿದ ಮಾತಿನ ತಾತ್ಪರ್ಯವಿಷ್ಟು: "ಹತ್ತುವವನಿಗೆ ಮೇಲೆ ಶಿಖರ ಇರುವ ಹಾಗೆ ಕೆಳಗೆ ಜನ ಇರುತ್ತಾರೆ, ಮಗನೇ."

ಇಳಿಜಾರಿನ ಸಡಿಲ ಕಲ್ಲು ಒಂದಕ್ಕೊಂದು ಆತು ಹೇಗೋ ನಿಂತಿರುತ್ತದೆ. ಒಂದು ಹೆಜ್ಜೆಯ ಭಾರ ಸಾಕು, ಜಾರುತ್ತದೆ. ದೂರ ಉರುಳಿದಷ್ಟೂ ಅದರ ವೇಗ ಹೆಚ್ಚು. ಆದುದರಿಂದ ಅಂಥಲ್ಲಿ ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು. ಭಾರ ಹಾಕುವ ಮೊದಲು ಕಲ್ಲನ್ನು ಕಾಲಿನಿಂದ ಒತ್ತಿ ನೋಡಬೇಕು. ಕಲ್ಲು ಜಾರಿದರೆ ನಾಚಿಕೆ ಬಿಟ್ಟು ಕೂಗಬೇಕು. ಮಕ್ಕಳ ಕಾಲಿಗೆ ಹಿಡಿತವುಳ್ಳ ಬೂಟು, ಕೈಚೀಲದಲ್ಲಿ ಸಾಕಷ್ಟು ನೀರು ಇರಲಿ.

ತುದಿ ಮುಟ್ಟಿದೆವು. ಗಾಳಿ ತಂಪಾಗಿತ್ತು. ಭಾವನವರು ಮಾತ್ರ ಹೆಚ್ಚು ಮಾತಾಡಲಿಲ್ಲ. ಇಳಿಯುವಾಗ ತಾವಾಗಿಯೇ ಎಲ್ಲರಿಗಿಂತ ಮುಂದಾದರು.

"ಈಗಲೂ ಅವಸರವೇ ಭಾವ?" ಎಂದೆ.

"ಅವಸರವಲ್ಲ. ಇಳಿಯುವಾಗ ಮುಂದಿರುವವನೇ ಕೆಳಗಿರುವವನು. ನಾನು ಜಾರಿಸಿದ ಕಲ್ಲು ಇನ್ನು ಯಾರ ಮೇಲೂ ಬೀಳಬಾರದು," ಎಂದರು.

ರಾತ್ರಿ ಊಟಕ್ಕೆ ಕುಳಿತಾಗ ಮಗಳನ್ನು ಹತ್ತಿರ ಕೂಡಿಸಿಕೊಂಡು ಕೇಳಿದರು: "ಹೆದರಿದೆಯೇನೇ ಪುಟ್ಟಿ?"

"ಕಲ್ಲು ಬಂದಾಗ ಹೆದರಲಿಲ್ಲ ಮಾವ. ಆಮೇಲೆ ನಿಮ್ಮ ಮುಖ ನೋಡಿ ಹೆದರಿದೆ," ಎಂದಳು ಅವಳು.