ಹೆಬ್ಬೆರಳಿಗೆ ನೂರಕ್ಕೆ 30

ಲಾರಿಯಿಂದ ಲೇತ್ ಮಿಷನ್ ಇಳಿಸುವುದನ್ನು ನೋಡಿದ್ದೀರಾ ಗೆಳೆಯರೇ? ಪೀಣ್ಯದ ಸಂದಿಗಳಲ್ಲಿ ಹೋಗಿ ನಿಂತು ನೋಡಿ. ಒಂದೂವರೆ ಟನ್ ಕಬ್ಬಿಣ. ಕ್ರೇನಿಗೆ ಬಾಡಿಗೆ ಕೊಡಬೇಕು, ನಾಕು ಜನ ಹಮಾಲರು ಅದಕ್ಕಿಂತ ಅಗ್ಗ. ಎರಡು ಹಲಗೆ, ಅಡಿಗೆ ಪೈಪಿನ ಉರುಳೆ, ಒಂದು ಹಗ್ಗ, ಒಂದು ಹಾರೆ. ಲೇತಿಗೆ ತಲೆಕಡೆ ಭಾರ, ಬಾಲ ಹಗುರ. ಹಲಗೆ ಒಂದಂಗುಲ ಜರುಗಿದರೆ ಸಾಕು, ಹಗ್ಗ ಹಿಡಿದವನನ್ನೂ ಎಳಕೊಂಡು ಬರುತ್ತದೆ. ಉರುಳೆ ಬದಲಿಸುವವನ ಬೆರಳು ಕಬ್ಬಿಣಕ್ಕೂ ಹಲಗೆಗೂ ನಡುವೆ. ಆಗ ಮಾಲೀಕ ಏನಂತಾನೆ? "ಕುಡಿದಿದ್ನೋ ಏನೋ, ನೋಡ್ಕಂಡು ಮಾಡಬಾರದಾ?" ಅದೂ ಮಿಷನ್ನಿಗೆ ಏನಾದರೂ ಆಯ್ತಾ ಅಂತ ತಡವಿ ನೋಡಿದ ಮೇಲೆ!

ಆಯುಧಪೂಜೆ ದಿನ ಅದೇ ಮಿಷನ್ನಿಗೆ ಅರಿಶಿನ, ಕುಂಕುಮ, ಬೂದುಗುಂಬಳ. ಇಳಿಸಿದವನು ಆ ಹೊತ್ತಿಗೆ ಹಟ್ಟಿಯ ಮೂಲೆಯಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿರುತ್ತಾನೆ. ಅವನು ಯಾವ ಕೇರಿಯಿಂದ ಬಂದವನು ಅಂತ ಕೇಳಿ ನೋಡಿ. ಊರಲ್ಲಿ ಜೀತದ ಹೊರೆ ಹೊತ್ತ ಬೆನ್ನೇ ಇಲ್ಲೂ ಹೊರುತ್ತಿದೆ.

ಕಾನೂನು ಇಲ್ಲವೇ? 1923ರಿಂದಲೂ ಇದೆ. ಅದರ ಪಟ್ಟಿಯಲ್ಲಿ ನಮ್ಮ ಮೈಯನ್ನು ತುಂಡುತುಂಡಾಗಿ ಬೆಲೆ ಕಟ್ಟಿಟ್ಟಿದ್ದಾರೆ: ಹೆಬ್ಬೆರಳು ಹೋದರೆ ದುಡಿಯುವ ಶಕ್ತಿ ನೂರಕ್ಕೆ 30 ಹೋದಂತೆ, ತೋರುಬೆರಳಿಗೆ 14. ಹೆಬ್ಬೆರಳಿಲ್ಲದವನು ಹಾರೆ ಹಿಡಿಯೋದು ಹೇಗೆ? ಮಿಕ್ಕ 70 ಎಲ್ಲಿದೆ ಅಂತ ಆ ಪಟ್ಟಿ ಬರೆದವರು ತೋರಿಸಲಿ. (ಏಕಲವ್ಯನಿಗೆ ಅಷ್ಟೂ ಸಿಗಲಿಲ್ಲ ಅನ್ನಿ.) ಮಹಾರಾಷ್ಟ್ರ 1969ರಲ್ಲಿ, ಕೇರಳ 1978ರಲ್ಲಿ ಹಮಾಲರಿಗೆಂದೇ ಕಾಯ್ದೆ ತಂದು ಮಂಡಳಿ ಕಟ್ಟಿದವು. ನಮ್ಮ ಮಾಲೀಕರ ಪುಸ್ತಕದಲ್ಲಿ ಹಮಾಲನ ಹೆಸರೇ ಇರೋದಿಲ್ಲ. ಕೇಳಿದರೆ, "ಅವನು ನಮ್ಮಾಳಲ್ಲ, ಮೇಸ್ತ್ರಿ ಆಳು."

ಇದನ್ನು ನಾವು ಒಪ್ಪುವುದಿಲ್ಲ. ತನ್ನ ದಂಧೆಯ ಕೆಲಸವನ್ನು ಗುತ್ತಿಗೆದಾರನ ಕೈಲಿ ಮಾಡಿಸಿಕೊಂಡರೂ ಪರಿಹಾರ ಕೊಡಬೇಕಾದವನು ಮಾಲೀಕನೇ ಅಂತ 1923ರ ಕಾಯ್ದೆಯೇ ಹೇಳಿತ್ತು. ಅದನ್ನು ನುಂಗಿಕೊಂಡ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಹಮಾಲನಿಗೆ ಇದನ್ನು ಓದಿ ಹೇಳುವವರು ಬೇಕು.

ಮೇಷ್ಟ್ರೇ, ವಿದ್ಯಾರ್ಥಿಗಳೇ, ಅದು ನಿಮ್ಮ ಕೆಲಸ. ಗಾಯವಾದ ದಿನವೇ ಲಾರಿ ನಂಬರು, ಮೇಸ್ತ್ರಿ ಹೆಸರು, ಕೆಲಸದ ಜಾಗ, ಕಂಡವರ ಹೆಸರು ಬರೆದಿಟ್ಟುಕೊಳ್ಳಿ. ಆಸ್ಪತ್ರೆ ಚೀಟಿಯಲ್ಲಿ "ಮನೇಲಿ ಬಿದ್ದ" ಅಂತ ಬರೆಸಲು ಬಿಡಬೇಡಿ. ಅರ್ಜಿಗೆ ಎರಡು ವರ್ಷದ ಗಡುವು. ಅಷ್ಟರಲ್ಲಿ ಐನೂರು ರೂಪಾಯಿ ಹಿಡಕೊಂಡು ಖಾಲಿ ಕಾಗದಕ್ಕೆ ಒತ್ತಿಸಿಕೊಳ್ಳಲು ಬರುತ್ತಾರೆ, ಉಳಿದಿರುವ ಇನ್ನೊಂದು ಹೆಬ್ಬೆಟ್ಟನ್ನು. ಒತ್ತಲು ಬಿಡಬೇಡಿ.