ಕುಡತಿನಿಯ ಬೂದಿ ಯಾವ ರಾಕ್ಷಸನದು?



ಬಳ್ಳಾರಿಯಿಂದ ಹೊಸಪೇಟೆಗೆ ಹೋಗೋ ದಾರೀಲಿ ಕುಡತಿನಿ ಸಿಗುತ್ತೆ. ಧರಣಿ, ಸಮಾವೇಶ ಅಂತ ನಮ್ಮಲ್ಲಿ ಎಷ್ಟೋ ಜನ ಆ ರಸ್ತೆಯಲ್ಲಿ ಹತ್ತಾರು ಸಲ ಓಡಾಡಿದ್ದೀವಿ. ಥರ್ಮಲ್ ಸ್ಟೇಷನ್ ಚಿಮಣಿ ನೋಡಿರ್ತೀವಿ, ಲಾರಿಗಳ ಸಾಲಿಗೆ ಬೈದಿರ್ತೀವಿ. ರಸ್ತೆ ಪಕ್ಕದ ಬೂದಿದಿಬ್ಬವನ್ನ ಮಾತ್ರ ನೋಡಿರಲ್ಲ.

ಮೊನ್ನೆ ಕಾರ್ಯಕ್ರಮ ಮುಗಿಸಿ ಬರುವಾಗ ಟೆಂಪೋ ನಿಲ್ಲಿಸಿ ಇಳಿದ್ವಿ. ಬೂದುಬಣ್ಣದ ದಿಬ್ಬ. ಕಾಲ ಕೆಳಗೆ ಅಲ್ಲಲ್ಲಿ ಕಬ್ಬಿಣದ ಕಿಟ್ಟದ ಥರ ಗಟ್ಟಿಯಾದ, ತೂತು ತೂತಾದ ಹೆಂಟೆಗಳು. ಡ್ರೈವರ್ ಹೇಳಿದ: "ಅಣ್ಣಾ, ಇದು ಹಿಡಿಂಬಾಸುರನ್ನ ಸುಟ್ಟ ಬೂದಿ. ಭೀಮ ಕೊಂದಿದ್ದಂತೆ." ಜೊತೆಗಿದ್ದ ಹುಡುಗ, "ಆ ಭೀಮ ಬೇರೆ, ನಮ್ಮ ಭೀಮ ಬೇರೆ ಬಿಡಣ್ಣ" ಅಂದ. ಎಲ್ಲರೂ ನಕ್ಕೆವು. ಮನೆಗೆ ಬಂದ ಮೇಲೆ ಆ ಕಥೆ ತಲೆಯಿಂದ ಹೋಗಲಿಲ್ಲ. ಅದಕ್ಕೇ ಇದನ್ನ ಬರೀತಿದ್ದೀನಿ.

ಹಂಪಿ ಹತ್ತಿರದ ನಿಂಬಾಪುರದಲ್ಲೂ ಇಂಥದ್ದೇ ದಿಬ್ಬ ಇದೆ. ಅದು ವಾಲಿಯನ್ನ ಸುಟ್ಟ ಜಾಗ ಅಂತಾರೆ. ಗಮನಿಸಿ, ಎರಡೂ ಕಡೆ ಸತ್ತವನು ಯಾರು? ಒಬ್ಬ ಅಸುರ, ಇನ್ನೊಬ್ಬ ಮರೆಯಲ್ಲಿ ನಿಂತು ಬಿಟ್ಟ ಬಾಣಕ್ಕೆ ಬಿದ್ದವನು. ಕೊಂದವನಿಗೆ ಗುಡಿ, ಸತ್ತವನಿಗೆ ಬೂದಿ.

ಹಾಗಾದರೆ ನಿಜವಾಗಿ ಅದೇನು? ಸಗಣಿ. ಹೌದು, ದನದ ಸಗಣಿ ಸುಟ್ಟ ಬೂದಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಈ ಮಾತು ಹೇಳಿದ್ದರು. 1957ರಲ್ಲಿ ಆಲ್ಚಿನ್ ಅನ್ನೋ ಪುರಾತತ್ವಜ್ಞರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ದಿಬ್ಬ ಅಗೆದಾಗ ದೊಡ್ಡಿಯ ಬೇಲಿಗೆ ನೆಟ್ಟ ಗೂಟಗಳ ಗುಂಡಿ ಸಿಕ್ಕವು, ದನಗಳ ಗೊರಸಿನ ಗುರುತೂ ಸಿಕ್ಕವು. ಸಾವಿರಾರು ವರ್ಷದ ಹಿಂದೆ, ಕಬ್ಬಿಣ ಇನ್ನೂ ಬಂದಿರದ ಕಾಲದಲ್ಲಿ, ಕಲ್ಲಿನ ಕೊಡಲಿ ಹಿಡಿದ ಜನ ದೊಡ್ಡಿಯಲ್ಲಿ ದನ ಕೂಡಿಹಾಕ್ತಿದ್ದರು. ಸಗಣಿ ಗುಡ್ಡೆ ಆದಾಗ ಆಗಾಗ ಬೆಂಕಿ ಹಚ್ತಿದ್ದರು. ಆ ಕಾವಿಗೆ ಬೂದಿಯೇ ಕರಗಿ ಕಿಟ್ಟದಂತೆ ಗಟ್ಟಿಯಾಯ್ತು. ಸಂಕ್ರಾಂತಿಗೆ ದನಗಳನ್ನ ಕಿಚ್ಚು ಹಾಯಿಸ್ತೀವಲ್ಲ, ಅಂಥ ಹಬ್ಬದ ಬೇರು ಇಲ್ಲಿರಬಹುದು ಅಂತ ಆಲ್ಚಿನ್ ಊಹಿಸಿದ್ದರು. ಉತ್ತರ ಕರ್ನಾಟಕ, ಆಂಧ್ರ, ತೆಲಂಗಾಣ ಸೇರಿ ಇಂಥ ದಿಬ್ಬಗಳು ನೂರಕ್ಕೂ ಹೆಚ್ಚು ಗೊತ್ತಾಗಿವೆ.

ಇನ್ನೊಂದು ಮಾತು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅಗೆಸಿದಾಗ ಬೂದಿದಿಬ್ಬದ ಪಕ್ಕ ಮನೆಗಳ ಜೊತೆ ದನ ಕಡಿದು ಮಾಂಸ ಮಾಡ್ತಿದ್ದ ಜಾಗವೂ ಸಿಕ್ಕಿತು. ಅಂದರೆ ಆ ಜನ ದನ ಸಾಕಿದರು, ಕಾಯ್ದರು, ಬಂಡೆ ಮೇಲೆ ಗೂಳಿಯ ಚಿತ್ರ ಕುಟ್ಟಿದರು, ಉಂಡರು ಕೂಡ. ಪ್ರೀತಿಗೂ ಊಟಕ್ಕೂ ಜಗಳ ಇರಲಿಲ್ಲ. ಇದನ್ನ 2020ರ ಗೋಹತ್ಯೆ ನಿಷೇಧ ಕಾಯ್ದೆ ಇರೋ ರಾಜ್ಯದಲ್ಲಿ ಕೂತು ಹೇಳ್ತಿದ್ದೀನಿ. ಈ ನೆಲದ ಸಂಸ್ಕೃತಿ ಅಂತ ಭಾಷಣ ಮಾಡೋರು ಒಂದು ಸಲ ಈ ನೆಲವನ್ನ ಅಗೆದು ನೋಡಲಿ.

ಹಾಗಂತ ಅವರೇ ನಮ್ಮ ಜಾತಿಯ ಪೂರ್ವಜರು ಅಂತ ನಾನು ಹೇಳ್ತಿಲ್ಲ. ಯಾವ ಜಾತಿಯವರೂ ಹಾಗೆ ಹೇಳೋಕಾಗಲ್ಲ. ಬೂದಿಯಲ್ಲಿ ಜಾತಿ ಸರ್ಟಿಫಿಕೇಟ್ ಸಿಕ್ಕಿಲ್ಲ. ಅವರು ಮಾಡಿದ ಕೆಲಸದ ಜೊತೆ ನಮಗೆ ನಂಟಿದೆ, ಅಷ್ಟೇ. ನಮ್ಮವ್ವ ಗೌಡರ ಕೊಟ್ಟಿಗೆ ಬಳಿದವಳು. ದಿನಾ ಬೆಳಗ್ಗೆ ಬುಟ್ಟಿ ಹೊತ್ತು ತಿಪ್ಪೆಗೆ ಹಾಕಿ ಬರೋಳು. ಕೊಟ್ಟಿಗೆ ತನಕ ಅವಳಿಗೆ ಪ್ರವೇಶ, ಪಡಸಾಲೆಗೆ ಇಲ್ಲ. ಅವಳ ಕೈ ಮುಟ್ಟಿದ ಸಗಣಿಯಲ್ಲಿ ಅಂಗಳ ಸಾರಿಸಿದರೆ ಮಡಿ, ಅದೇ ಕೈ ಕೊಡ ಮುಟ್ಟಿದರೆ ಮೈಲಿಗೆ. ಸತ್ತ ದನ ಎಳೆಯೋಕೆ ಕರೆ ಬರ್ತಿದ್ದುದು ನಮ್ಮ ಕೇರಿಗೇ. ದನದ ಮಾಂಸ ತಿನ್ನೋದಕ್ಕೂ ಅಸ್ಪೃಶ್ಯತೆಗೂ ಇರುವ ನಂಟನ್ನ ಬಾಬಾಸಾಹೇಬರು 1948ರಲ್ಲೇ ಒಂದು ಇಡೀ ಪುಸ್ತಕ ಬರೆದು ವಾದಿಸಿದ್ದಾರೆ.

ಈಗ ಕಥೆ ನೋಡಿ. ದುಡಿದವರ ಹೆಸರು ಉಳಿಯಲಿಲ್ಲ. ಅವರ ದುಡಿಮೆಯ ಗುಡ್ಡೆ ರಾಕ್ಷಸನ ಚಿತೆ ಆಯ್ತು. ಇದು ಡ್ರೈವರ್ ತಪ್ಪಲ್ಲ, ಅವನಿಗೆ ಅವನಜ್ಜ ಹೇಳಿದ್ದು ಅದನ್ನೇ. ತಪ್ಪು ನಮ್ಮದು, ಬೇರೆ ಕಥೆಯೂ ಇದೆ ಅಂತ ನಾವು ಹೇಳಲಿಲ್ಲ.

ಎಷ್ಟೋ ಕಡೆ ಹೊಲದ ಗೊಬ್ಬರಕ್ಕೆ ಅಂತ ಬೂದಿ ಹೊತ್ತು ದಿಬ್ಬಗಳೇ ಕರಗಿವೆ. ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡದ್ದೂ ಅದೇ ಪಾಡು. ಅಲ್ಲಿನ ಕೆಲವು ಕರಿಬಂಡೆಗಳನ್ನ ಕಲ್ಲಿನಿಂದ ಬಡಿದರೆ ಜಾಗಟೆ ಹಾಗೆ ದನಿ ಕೊಡ್ತವೆ. ಆ ಕಾಲದ ಜನರ ವಾದ್ಯ ಅದು ಅಂತ ಅಧ್ಯಯನ ಮಾಡಿದವರು ಹೇಳ್ತಾರೆ. ಅಂಥ ಗುಡ್ಡಕ್ಕೂ ಕಲ್ಲು ಕ್ವಾರಿ ಬಾಯಿ ಹಾಕಿತ್ತು.

ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಹಂಪಿಗೆ ಮಕ್ಕಳನ್ನ ಕರ್ಕೊಂಡು ಹೋಗುವಾಗ ಕುಡತಿನಿಯಲ್ಲಿ ಹತ್ತು ನಿಮಿಷ ಗಾಡಿ ನಿಲ್ಲಿಸಿ. ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಮ್ಯೂಸಿಯಂ ನೋಡಿ. ಕಲ್ಲಿನ ರಥ ಕಟ್ಟಿಸಿದ ರಾಜನ ಕಥೆ ಹೇಳೋ ಮುಂಚೆ ಸಗಣಿ ಹೊತ್ತವರ ಕಥೆ ಹೇಳಿ. ದಿಬ್ಬದ ಮುಂದೆ ದೊಡ್ಡ ಅಕ್ಷರದ ಕನ್ನಡ ಬೋರ್ಡ್ ಬೇಕು, ಸುತ್ತ ಬೇಲಿ ಬೇಕು ಅಂತ ಜಿಲ್ಲಾಡಳಿತಕ್ಕೆ ಒಂದು ಮನವಿ ಬರೆಯೋಣ. ಕರಡು ನಾನು ಬರೀತೀನಿ, ಸಹಿ ನೀವು ಹಾಕಿ.

ಹಿಡಿಂಬನ ಕಥೆಯನ್ನೂ ಬೋರ್ಡಲ್ಲಿ ಹಾಕಲಿ, ಬೇಡ ಅನ್ನಲ್ಲ. ಆದರೆ ಮೊದಲ ಸಾಲು ಇದಿರಲಿ: ಇಲ್ಲಿ ಸುಟ್ಟದ್ದು ರಾಕ್ಷಸನನ್ನಲ್ಲ, ಸಗಣಿಯನ್ನ. ಸುಟ್ಟವರು ಮನುಷ್ಯರು.

ಜೈ ಭೀಮ್.